ಕೃಪಾಂಕ ಯಾರಿಗೆ?

2024ರ ಮಾರ್ಚ್ ತಿಂಗಳ ಕ್ಯಾಲೆಂಡರನ್ನು ಒಮ್ಮೆ ತೆಗೆದು ನೋಡಿ. ಐದು, ಎಂಟು, ಒಂಬತ್ತನೆಯ ತರಗತಿಗಳಿಗೆ ರಾಜ್ಯಮಟ್ಟದಲ್ಲಿ ಒಂದೇ ಪ್ರಶ್ನೆಪತ್ರಿಕೆಯ ಪರೀಕ್ಷೆ ನಡೆಸುವ ಸರ್ಕಾರದ ಅಧಿಸೂಚನೆಗಳನ್ನು 6ನೇ ತಾರೀಖು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು. ಮರುದಿನವೇ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ರ ಸೋಮವಾರ ಪರೀಕ್ಷೆ ಶುರುವಾಯಿತು. 12ರಂದು ಸುಪ್ರೀಂ ಕೋರ್ಟು ವಿಭಾಗೀಯ ಪೀಠದ ತಡೆಯನ್ನು ತೆಗೆದುಹಾಕಿತು. ಪರೀಕ್ಷೆ ಅರ್ಧಕ್ಕೆ ನಿಂತಿತು. 22ರಂದು ವಿಭಾಗೀಯ ಪೀಠ ಸರ್ಕಾರದ ಪರವಾಗಿ ತೀರ್ಪು ನೀಡಿತು. 25ರಿಂದ ಉಳಿದ ಪತ್ರಿಕೆಗಳು ನಡೆದವು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟು, ಫಲಿತಾಂಶ ಪ್ರಕಟಿಸಬಾರದು ಎಂದಿತು. ಹತ್ತು ವರ್ಷದ ಮಗುವೊಂದು ಓದಿ, ಬರೆದು, ಕಾದು, ಮತ್ತೆ ಬರೆದು, ಕೊನೆಗೆ ತನಗೆ ಎಷ್ಟು ಬಂತೆಂದೂ ತಿಳಿಯದೆ ಬೇಸಿಗೆ ರಜೆಗೆ ಹೋಯಿತು.

ಆ ದಿನಗಳಲ್ಲಿ ನಮ್ಮ ಆರ್‌ಪಿಸಿ ಲೇಔಟಿನ ಇಸ್ತ್ರಿ ಗಾಡಿಯವರು ನನ್ನನ್ನು ನಿಲ್ಲಿಸಿ ಕೇಳಿದ್ದರು: "ನಾಳೆ ಪರೀಕ್ಷೆ ಐತಾ ಇಲ್ವಾ ಸಾರ್? ಪೇಪರ್‌ನಲ್ಲಿ ಏನ್ ಹಾಕವ್ರೆ? ಮಗು ಓದ್ಲಾ ಬೇಡ್ವಾ ಅಂತ ಕೇಳ್ತೈತೆ." ಅವರ ಮಗಳು ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿ. ಅವರು ಇಸ್ತ್ರಿ ಮಾಡುವ ಬಟ್ಟೆಗಳಲ್ಲಿ ಅದೇ ವಯಸ್ಸಿನ ಬೇರೆ ಮಕ್ಕಳ ಸಮವಸ್ತ್ರಗಳೂ ಇರುತ್ತವೆ. ಅವುಗಳಲ್ಲಿ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳ ಸಮವಸ್ತ್ರ ತೊಡುವ ಮಕ್ಕಳಿಗೆ ಈ ಯಾವ ಕೋರ್ಟಿನ ಸುದ್ದಿಯೂ ತಟ್ಟಲಿಲ್ಲ. ಪರೀಕ್ಷೆ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಮಾತ್ರ. ಒಂದೇ ರಸ್ತೆಯಲ್ಲಿ ಒಬ್ಬ ಮಗು ರಾಜ್ಯಕ್ಕೆ ತನ್ನ ಕಲಿಕೆಯನ್ನು ತೋರಿಸಬೇಕು, ಪಕ್ಕದ ಮನೆಯ ಮಗು ತೋರಿಸಬೇಕಾಗಿಲ್ಲ.

ಕಾನೂನಿನ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1976ರ ನಲವತ್ತೆರಡನೆಯ ತಿದ್ದುಪಡಿಯ ನಂತರ ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಕೂರಿಸುವಂತಿಲ್ಲ ಎಂದು ಅದರ 16ನೇ ಕಲಂ ಹೇಳಿತ್ತು. ಅಲ್ಲಿಯವರೆಗೆ ಯಾವುದೇ ಬೋರ್ಡ್ ಪರೀಕ್ಷೆ ಪಾಸು ಮಾಡೆಂದು ಮಗುವನ್ನು ಒತ್ತಾಯಿಸುವಂತಿಲ್ಲ ಎಂದು 30ನೇ ಕಲಂ ಇಂದಿಗೂ ಹೇಳುತ್ತದೆ. 2019ರಲ್ಲಿ 16ನೇ ಕಲಂಗೆ ತಿದ್ದುಪಡಿ ಬಂತು: ಐದು ಮತ್ತು ಎಂಟರ ಕೊನೆಗೆ ಪರೀಕ್ಷೆ ಇರಲಿ, ಸೋತವರಿಗೆ ಹೆಚ್ಚುವರಿ ಪಾಠ ಹೇಳಿ ಎರಡು ತಿಂಗಳೊಳಗೆ ಮರುಪರೀಕ್ಷೆ ಮಾಡಿ, ಆಮೇಲೂ ಸೋತರೆ ಉಳಿಸಿಕೊಳ್ಳಬೇಕೇ ಬೇಡವೇ ಎಂಬುದು ಆಯಾ ಸರ್ಕಾರಕ್ಕೆ ಬಿಟ್ಟದ್ದು. ಕರ್ನಾಟಕ, ನಾವು ಯಾರನ್ನೂ ಫೇಲು ಮಾಡುವುದಿಲ್ಲ, ಆದ್ದರಿಂದ ಇದು ಬೋರ್ಡ್ ಪರೀಕ್ಷೆ ಅಲ್ಲ, 'ಮೌಲ್ಯಾಂಕನ' ಎಂದು ವಾದಿಸಿತು. ಹೆಸರು ಬದಲಾಯಿಸಿದರೆ ಮಗುವಿನ ಹೊಟ್ಟೆಯೊಳಗಿನ ಚಿಟ್ಟೆಗಳಿಗೆ ಗೊತ್ತಾಗುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ಇದು ಒಂದು ಪಕ್ಷದ ಹಟವೂ ಆಗಿರಲಿಲ್ಲ. 2019ರಲ್ಲಿ ಏಳನೆಯ ತರಗತಿಗೆ ಪಬ್ಲಿಕ್ ಪರೀಕ್ಷೆ ಎಂದು ಘೋಷಿಸಿದವರು ಆಗಿನ ಶಿಕ್ಷಣ ಸಚಿವ, ನಮ್ಮ ಪಕ್ಕದ ರಾಜಾಜಿನಗರದ ಶಾಸಕ ಎಸ್. ಸುರೇಶ್ ಕುಮಾರ್, ಅದು ಮೆತ್ತಗಾಗುತ್ತಾ ಹೋಗಿ ಕೊನೆಗೆ ಕೊರೊನಾದಲ್ಲಿ ಕರಗಿತು. 2023ರ ಮಾರ್ಚಿನಲ್ಲಿ ಐದು ಮತ್ತು ಎಂಟಕ್ಕೆ ಪರೀಕ್ಷೆ ನಡೆಸಿದ್ದು ಬಿಜೆಪಿ ಸರ್ಕಾರ. ಆಗಲೂ ಏಕಸದಸ್ಯ ಪೀಠ ರದ್ದು ಮಾಡಿತ್ತು, ವಿಭಾಗೀಯ ಪೀಠ ಒಪ್ಪಿಗೆ ಕೊಟ್ಟಿತ್ತು. 2024ರಲ್ಲಿ ಅದನ್ನು ಒಂಬತ್ತು, ಹನ್ನೊಂದಕ್ಕೂ ಹಿಗ್ಗಿಸಿದ್ದು ಕಾಂಗ್ರೆಸ್ ಸರ್ಕಾರ. ಪಕ್ಷ ಬದಲಾಯಿತು, ಪರೀಕ್ಷೆಯ ಮೇಲಿನ ಪ್ರೀತಿ ಬದಲಾಗಲಿಲ್ಲ. ಎಲ್ಲರಿಗೂ ಇಷ್ಟವಾಗುವ ಈ ಪರೀಕ್ಷೆಯಲ್ಲಿ ಯಾರು ಯಾರಿಗೆ ಉತ್ತರ ಕೊಡುತ್ತಿದ್ದಾರೆ? ನನ್ನನ್ನು ಕಾಡುವ ಪ್ರಶ್ನೆ ಅದು.

ಕನ್ನಡದಲ್ಲಿ 'ಒಪ್ಪಿಸು' ಎಂಬ ಕ್ರಿಯಾಪದಕ್ಕೆ ಎರಡು ಕೆಲಸಗಳಿವೆ. ಮಗು ಮೇಷ್ಟ್ರ ಮುಂದೆ ಕೈಕಟ್ಟಿ ನಿಂತು ಪಾಠ ಒಪ್ಪಿಸುತ್ತದೆ. ಶ್ಯಾನುಭೋಗ ಸರ್ಕಾರಕ್ಕೆ, ಧರ್ಮದರ್ಶಿ ಊರಿಗೆ, ಕಾರ್ಯದರ್ಶಿ ಸಂಘದ ಸದಸ್ಯರಿಗೆ ಲೆಕ್ಕ ಒಪ್ಪಿಸುತ್ತಾರೆ. ಮೊದಲನೆಯದರಲ್ಲಿ ಕಿರಿಯರು ಹಿರಿಯರಿಗೆ ಉತ್ತರ ಕೊಡುತ್ತಾರೆ. ಎರಡನೆಯದರಲ್ಲಿ ಕೈಯಲ್ಲಿ ಅಧಿಕಾರವೂ ಹಣವೂ ಇದ್ದವರು ಅದನ್ನು ಕೊಟ್ಟವರಿಗೆ ಉತ್ತರ ಕೊಡುತ್ತಾರೆ. ಒಂದೇ ಪರೀಕ್ಷೆ ಈ ಎರಡೂ ಕೆಲಸ ಮಾಡಲಿ ಎಂದು ಹೊರಟಾಗಲೇ ತೊಡಕು ಶುರುವಾಗುತ್ತದೆ. ಸರ್ಕಾರ ತನ್ನ ಲೆಕ್ಕ ಒಪ್ಪಿಸಬೇಕಾದ ಜಾಗದಲ್ಲಿ ಮಗುವನ್ನು ನಿಲ್ಲಿಸಿ, ನೀನು ಪಾಠ ಒಪ್ಪಿಸು, ಅದೇ ನನ್ನ ಲೆಕ್ಕ ಅನ್ನುತ್ತದೆ. ಮಗು ಚೆನ್ನಾಗಿ ಒಪ್ಪಿಸಿದರೆ ಜಿಲ್ಲೆಗೆ ಸ್ಥಾನ, ಸಚಿವರಿಗೆ ಸುದ್ದಿಗೋಷ್ಠಿ. ತಡವರಿಸಿದರೆ ಫೇಲಾಗುವುದು ಮಗು.

ಇದು ಹೊಸದೇನಲ್ಲ. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ತಂದ ನಿಯಮಾವಳಿಯಂತೆ, ಇನ್‌ಸ್ಪೆಕ್ಟರು ಬಂದು ಓದು, ಬರಹ, ಲೆಕ್ಕ ಕೇಳಿದಾಗ ಪಾಸಾದ ಮಕ್ಕಳ ತಲೆ ಎಣಿಸಿ ಶಾಲೆಗೆ ಅನುದಾನ ಕೊಡುತ್ತಿದ್ದರು. ಕವಿ ಮ್ಯಾಥ್ಯೂ ಆರ್ನಲ್ಡ್ ಆಗ ಶಾಲಾ ಇನ್‌ಸ್ಪೆಕ್ಟರಾಗಿದ್ದ. ಈ ಪದ್ಧತಿ ಶಾಲೆಯನ್ನು ಯಂತ್ರ ಮಾಡುತ್ತದೆ ಎಂದು ಬಹಿರಂಗವಾಗಿಯೇ ವಿರೋಧಿಸಿದ. ಅದೇ 1860ರ ದಶಕದಲ್ಲಿ ಫಲಿತಾಂಶಕ್ಕೆ ತಕ್ಕ ಅನುದಾನ ಎಂಬ ಈ ಪದ್ಧತಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ದಕ್ಷಿಣ ಕನ್ನಡ, ಬಳ್ಳಾರಿ ಆಗ ಆ ಪ್ರಾಂತ್ಯದವು. ಇನ್‌ಸ್ಪೆಕ್ಟರು ಬರುವ ದಿನ ಶಾಲೆ ಸಿಂಗಾರಗೊಂಡು, ಮೇಷ್ಟ್ರು ಪೇಟ ಸರಿಮಾಡಿಕೊಂಡು, ಜಾಣ ಹುಡುಗರನ್ನು ಮುಂದೆ ಕೂರಿಸುವ ಚಿತ್ರ ನಮ್ಮ ಹಿರಿಯರ ನೆನಪುಗಳಲ್ಲಿ ಎಷ್ಟು ಸಲ ಬಂದಿಲ್ಲ!

ಹಿಂದಿನ ಬೆಂಚಿನಲ್ಲಿ ಕೂತ ಹುಡುಗರಿಗೆ ಏನಾಗುತ್ತದೆ ಎಂಬುದಕ್ಕೆ ಇವತ್ತಿನ ಉದಾಹರಣೆಯೂ ಇದೆ. ನಮ್ಮ ರಸ್ತೆಯಲ್ಲಿ ನಿವೃತ್ತ ಪ್ರೌಢಶಾಲಾ ಮುಖ್ಯೋಪಾಧ್ಯಾಯರೊಬ್ಬರಿದ್ದಾರೆ. ಸಂಜೆ ಹಂಪಿನಗರದ ಗ್ರಂಥಾಲಯದ ಕಡೆಗೆ ಜೊತೆಯಾಗಿ ನಡೆಯುವಾಗ ಒಮ್ಮೆ ಅವರು ಹೇಳಿದರು: "ಹತ್ತನೇ ಕ್ಲಾಸಿನ ರಿಸಲ್ಟ್ ಮಾಡೋದು ಹತ್ತರಲ್ಲಲ್ಲ ಸ್ವಾಮಿ, ಒಂಬತ್ತರಲ್ಲಿ." ಅಂದರೆ, ಎಸ್‌ಎಸ್‌ಎಲ್‌ಸಿಯಲ್ಲಿ ಶಾಲೆಯ ಶೇಕಡಾವಾರು ಕೆಡಿಸಬಹುದಾದ ಹುಡುಗನನ್ನು ಒಂಬತ್ತರಲ್ಲೇ ಸೋಸುವುದು, ಇಲ್ಲವೇ ತಂದೆತಾಯಿಯನ್ನು ಕರೆಸಿ, ಬೇರೆ ಶಾಲೆ ನೋಡಿ, ಖಾಸಗಿಯಾಗಿ ಕಟ್ಟಿಸಿ ಎಂದು ಮೃದುವಾಗಿ ಹೇಳುವುದು. ಎಂಟರವರೆಗೆ ಕಾಯ್ದೆಯ ಆಸರೆ ಇದೆ, ಒಂಬತ್ತಕ್ಕೆ ಇಲ್ಲ. ಶಾಲೆಗೆ ಶೇಕಡಾ ನೂರು ಬರುತ್ತದೆ. ಆ ಹುಡುಗ ಯಾವ ಶೇಕಡಾದಲ್ಲೂ ಇರುವುದಿಲ್ಲ.

ಅಮೆರಿಕೆಯಲ್ಲಿ ಇದು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. 2002ರ ಜನವರಿಯಲ್ಲಿ ಸಹಿಯಾದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆಯ ಪ್ರಕಾರ ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆ. 2014ರ ಹೊತ್ತಿಗೆ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕು. ಮುಟ್ಟದ ಶಾಲೆಗೆ ವರ್ಷದಿಂದ ವರ್ಷಕ್ಕೆ ಬಿಗಿಯಾಗುವ ಶಿಕ್ಷೆ. ಅಟ್ಲಾಂಟಾ ನಗರದಲ್ಲಿ ಮೇಷ್ಟ್ರುಗಳೇ ಮಕ್ಕಳ ಉತ್ತರಗಳನ್ನು ಅಳಿಸಿ ತಿದ್ದಿದ್ದರು ಎಂದು 2011ರಲ್ಲಿ ಜಾರ್ಜಿಯಾ ರಾಜ್ಯದ ತನಿಖೆ ಹೇಳಿತು: 44 ಶಾಲೆ, 178 ಶಿಕ್ಷಕರು ಮತ್ತು ಪ್ರಾಂಶುಪಾಲರು. 2015ರಲ್ಲಿ ಹನ್ನೊಂದು ಮಂದಿ ಅಪರಾಧಿಗಳೆಂದು ತೀರ್ಪಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತು ಎಂದು ನಾವು ಸುಲಭವಾಗಿ ಹೇಳಿಬಿಡಬಹುದು. ಬೇಲಿಗೆ ಹೊಲದ ಇಳುವರಿಯ ಮೇಲೆ ಸಂಬಳ ನಿಗದಿ ಮಾಡಿದವರು ಯಾರು ಎಂದೂ ಕೇಳಬೇಕಾಗುತ್ತದೆ. ಅದೇ 2015ರ ಕೊನೆಗೆ ಬಂದ ಹೊಸ ಕಾಯ್ದೆ ಪರೀಕ್ಷೆಗಳನ್ನು ಉಳಿಸಿಕೊಂಡು, ಶಾಲೆಗಳನ್ನು ಹೇಗೆ ಅಳೆಯಬೇಕು, ಸೋತ ಶಾಲೆಗೆ ಏನು ಮಾಡಬೇಕು ಎಂಬುದನ್ನು ಬಹುಮಟ್ಟಿಗೆ ರಾಜ್ಯಗಳಿಗೆ ಬಿಟ್ಟಿತು. ಅಂಕಗಳ ಜೊತೆಗೆ ಇನ್ನೊಂದಾದರೂ ಅಳತೆ ಇರಬೇಕು ಎಂದಿತು. ಮಕ್ಕಳು ಎಷ್ಟು ದಿನ ಶಾಲೆ ತಪ್ಪಿಸುತ್ತಾರೆ ಎಂಬುದನ್ನು ಹಲವು ರಾಜ್ಯಗಳು ಆರಿಸಿಕೊಂಡವು.

ಇಷ್ಟು ಓದಿ, ಪರೀಕ್ಷೆಯನ್ನೇ ತೆಗೆದುಹಾಕಿಬಿಡಿ ಎಂದು ಯಾರಾದರೂ ಹೇಳಿದರೆ ನಾನು ಅವರ ಜೊತೆ ಹೋಗಲಾರೆ. ಪರೀಕ್ಷೆಯ ಪರವಾಗಿ ಒಂದು ಬಲವಾದ ನೈತಿಕ ವಾದವಿದೆ, ಅದನ್ನು ಮಾಡಿದವರು ಬಹಳ ಸಲ ಬಡವರ ಪರ ನಿಂತವರೇ. ಅಮೆರಿಕೆಯ ಆ ಕಾಯ್ದೆಯಲ್ಲಿ ಒಳ್ಳೆಯದೊಂದಿತ್ತು: ಶಾಲೆಯ ಸರಾಸರಿ ಸಾಲದು, ಕಪ್ಪು ಮಕ್ಕಳದೆಷ್ಟು, ಬಡ ಮಕ್ಕಳದೆಷ್ಟು, ಅಂಗವೈಕಲ್ಯವಿರುವ ಮಕ್ಕಳದೆಷ್ಟು ಎಂದು ಬೇರೆ ಬೇರೆ ತೋರಿಸಬೇಕಿತ್ತು. ಸರಾಸರಿಯ ಹಿಂದೆ ಅಡಗಿದ್ದ ಮಕ್ಕಳು ಮೊದಲ ಬಾರಿಗೆ ಕಾಗದದ ಮೇಲೆ ಕಂಡರು. ನಮ್ಮಲ್ಲೂ ಹಾಗೆಯೇ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಉಡುಪಿ ಶೇ. 94, ಯಾದಗಿರಿ ಶೇ. 50.59. ಈ ಎರಡು ಸಂಖ್ಯೆಗಳ ನಡುವಿನ ಕಂದಕ ನಮಗೆ ಕಾಣುತ್ತಿರುವುದು ಎರಡೂ ಜಿಲ್ಲೆಯ ಮಕ್ಕಳು ಒಂದೇ ಪ್ರಶ್ನೆಪತ್ರಿಕೆ ಬರೆದದ್ದರಿಂದ. ಪ್ರತಿ ಶಾಲೆಯೂ ತನ್ನ ಮಕ್ಕಳಿಗೆ ತಾನೇ ಅಂಕ ಕೊಟ್ಟುಕೊಂಡಿದ್ದರೆ ಯಾದಗಿರಿಯೂ ಸುಖವಾಗಿ ಕಾಣುತ್ತಿತ್ತು. ಅಳೆಯದಿರುವುದು ಕರುಣೆಯ ವೇಷದ ಮರೆವೂ ಆಗಬಹುದು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎಂಬ ಮಾತಿದೆ. ರಾಜ್ಯ ತನ್ನ ಲೆಕ್ಕ ತಿಳಿಯಬೇಕಾದರೆ ಅಗುಳು ಹಿಸುಕಿ ನೋಡಬಹುದು. ಪ್ರಥಮ್ ಸಂಸ್ಥೆ 2005ರಿಂದ ಹಳ್ಳಿಗಳ ಮನೆಬಾಗಿಲಿಗೆ ಹೋಗಿ ಮಾಡುವ ಅಸರ್ ಸಮೀಕ್ಷೆ ಹೀಗೆಯೇ. ಎನ್‌ಸಿಇಆರ್‌ಟಿಯ 'ಪರಖ್' 2024ರ ಡಿಸೆಂಬರ್ 4ರಂದು ಮೂರು, ಆರು, ಒಂಬತ್ತನೆಯ ತರಗತಿಗಳಲ್ಲಿ ನಡೆಸಿದ ಸಮೀಕ್ಷೆಯೂ ಹೀಗೆಯೇ. ಅಲ್ಲಿ ಯಾವ ಮಗುವಿಗೂ ಅಂಕಪಟ್ಟಿ ಇಲ್ಲ, ಯಾವ ಮಗುವೂ ಮನೆಗೆ ಅಳುತ್ತಾ ಹೋಗುವುದಿಲ್ಲ. ನಾನು ಬಹಳ ಕಾಲ ಇದೇ ಪೂರ್ತಿ ಉತ್ತರ ಎಂದು ನಂಬುವವರ ಗುಂಪಿನಲ್ಲಿದ್ದೆ. ಈಗಲೂ ಮುಕ್ಕಾಲು ಪಾಲು ಅಲ್ಲೇ ಇದ್ದೇನೆ. ಉಳಿದ ಕಾಲುಭಾಗದ ಅನುಮಾನ ಏನೆಂದರೆ, ಅಗುಳಿನ ಗಾದೆ ಒಂದೇ ಪಾತ್ರೆಗೆ ಅನ್ವಯಿಸುವಂಥದ್ದು. ಸುರಪುರದ ಹತ್ತಿರದ ಒಂದು ಹಳ್ಳಿಶಾಲೆಯ ಮುಖ್ಯ ಶಿಕ್ಷಕಿಗೆ ದೇಶದ ಸರಾಸರಿ ಕಟ್ಟಿಕೊಂಡು ಏನಾಗಬೇಕು? ಅವರ ಪಾತ್ರೆಯಲ್ಲಿ ಯಾವ ಅಗುಳು ಬೇಯಲಿಲ್ಲ ಎಂದು ಅವರಿಗೆ ತಿಳಿಯಬೇಕು. ಅದಕ್ಕೆ ಪ್ರತಿ ಮಗುವನ್ನೂ ನೋಡಲೇಬೇಕು. ಆದರೆ ಆ ನೋಟ ಆ ಶಾಲೆಯೊಳಗೆ, ಮುಂದಿನ ವಾರದ ಪಾಠಕ್ಕಾಗಿ ಇರಬೇಕು, ಸುದ್ದಿಗೋಷ್ಠಿಗಾಗಿ ಅಲ್ಲ.

ಹಾಗಾದರೆ ಸಂಖ್ಯೆಯನ್ನು ತೆಗೆದುಕೊಂಡು ಏನು ಮಾಡುತ್ತೇವೆ ಎಂಬುದರಲ್ಲಿಯೇ ಎಲ್ಲವೂ ಇದೆ. ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಮಾದರಿ ಇದೆ, ಆದರೆ ಶಿಕ್ಷಣದ ಚರ್ಚೆಯಲ್ಲಿ ಅದನ್ನು ಯಾರೂ ನೆನೆಯುವುದಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಕರ್ನಾಟಕದ 175 ತಾಲ್ಲೂಕುಗಳನ್ನು ಅಳೆಯಿತು. ರಸ್ತೆ, ಆಸ್ಪತ್ರೆ, ಬ್ಯಾಂಕು, ನೀರಾವರಿ, ಸಾಕ್ಷರತೆ ಎಲ್ಲವನ್ನೂ ಲೆಕ್ಕಹಾಕಿ 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಅದೂ ಒಂದು ಪರೀಕ್ಷೆಯೇ, ತಾಲ್ಲೂಕುಗಳಿಗೆ ಕೊಟ್ಟ ಅಂಕಪಟ್ಟಿಯೇ. ಆದರೆ ಕಡಿಮೆ ಅಂಕ ಬಂದ ತಾಲ್ಲೂಕಿಗೆ ಯಾರೂ ನೋಟಿಸು ಕೊಡಲಿಲ್ಲ. ಕಡಿಮೆ ಅಂಕ ಎಂದರೆ ಹೆಚ್ಚು ಹಣ ಎಂದು ಅರ್ಥಮಾಡಿಕೊಂಡರು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಸೂಚಿಸಿತು. ಕೊಟ್ಟದ್ದೆಷ್ಟು, ಮುಟ್ಟಿದ್ದೆಷ್ಟು ಎಂಬುದು ಬೇರೆಯೇ ಕಥೆ, ಅದರಲ್ಲಿ ಹೆಮ್ಮೆಪಡುವಂಥದ್ದು ಹೆಚ್ಚಿಲ್ಲ. ತರ್ಕವಂತೂ ಸರಿಯಾಗಿತ್ತು.

ಶಾಲೆಯ ವಿಷಯಕ್ಕೆ ಬಂದರೆ ಅದೇ ರಾಜ್ಯ ತರ್ಕವನ್ನು ತಲೆಕೆಳಗು ಮಾಡುತ್ತದೆ. ಫಲಿತಾಂಶ ಕುಸಿದ ಶಾಲೆಯ ಮುಖ್ಯ ಶಿಕ್ಷಕರಿಗೆ ಕಾರಣ ಕೇಳಿ ನೋಟಿಸು, ಅನುದಾನಿತ ಶಾಲೆಗೆ ವೇತನಾನುದಾನ ತಡೆಯುವ ಎಚ್ಚರಿಕೆ. ತಾಲ್ಲೂಕು ಹಿಂದುಳಿದರೆ ಅದು ರಾಜ್ಯದ ಸಾಲ. ಆ ತಾಲ್ಲೂಕಿನ ಶಾಲೆ ಹಿಂದುಳಿದರೆ ಅದು ಶಾಲೆಯ ತಪ್ಪು! ಎರಡೂ ಒಂದೇ ಮಣ್ಣಿನ ಮೇಲಿವೆ.

ಈಗ 2024ರ ಎಸ್‌ಎಸ್‌ಎಲ್‌ಸಿಗೆ ಬರುತ್ತೇನೆ. ಆ ವರ್ಷ ಪರೀಕ್ಷಾ ಕೇಂದ್ರಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಜಿಲ್ಲಾ ಕೇಂದ್ರದಲ್ಲಿ ಕೂತು ಕೊಠಡಿಗಳನ್ನು ನೋಡಬಹುದಿತ್ತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಹೇಗೆ? ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯಲು ಬೇಕಾದ ಕನಿಷ್ಠ ಅಂಕವನ್ನು ಶೇ. 35ರಿಂದ 25ಕ್ಕೆ ಇಳಿಸಿದ ಮೇಲೆ. ಅದಿಲ್ಲದಿದ್ದರೆ ಅರ್ಧಕ್ಕಿಂತ ತುಸು ಹೆಚ್ಚು ಮಕ್ಕಳು ಮಾತ್ರ ಪಾಸಾಗುತ್ತಿದ್ದರು. ಮುಖ್ಯಮಂತ್ರಿಗಳು ಅಸಮಾಧಾನಗೊಂಡರು, ಮುಂದಿನ ವರ್ಷದಿಂದ ಈ ಕೃಪಾಂಕ ಬೇಡ ಎಂದಾಯಿತು. ಕೃಪಾಂಕ ಕೊಟ್ಟದ್ದು ತಪ್ಪು, ಗುಣಮಟ್ಟ ಹಾಳಾಯಿತು ಎಂದು ಪತ್ರಿಕೆಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಬಹಳ ಜನ ಬರೆದರು.

ಆ ಮಕ್ಕಳು ಯಾರು ಎಂದು ಲೆಕ್ಕಹಾಕಿ ನೋಡಿ. 2024ರಲ್ಲಿ ಹತ್ತನೆಯ ತರಗತಿ ಎಂದರೆ 2020-21ರಲ್ಲಿ ಏಳನೆಯ ತರಗತಿ. ಶಾಲೆ ಮುಚ್ಚಿದ್ದ ವರ್ಷ. ಸರ್ಕಾರಿ ಶಾಲೆಯ ಮಕ್ಕಳಿಗೆ ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಕೆಲವು ತಿಂಗಳು ನಡೆದು, ನಡುವೆ ನಿಂತು, ಮತ್ತೆ ಶುರುವಾದ 'ವಿದ್ಯಾಗಮ'ವೇ ಆ ವರ್ಷದ ಶಾಲೆ. ಮನೆಯಲ್ಲಿ ಒಂದೇ ಮೊಬೈಲು, ಅದೂ ಅಪ್ಪನ ಜೇಬಿನಲ್ಲಿ. ಬೀಜಗಣಿತ, ಇಂಗ್ಲಿಷ್ ವ್ಯಾಕರಣ ಎಲ್ಲವೂ ಗಟ್ಟಿಯಾಗಬೇಕಾದ ವರ್ಷ ಹೀಗೆ ಹೋಯಿತು. ಆಮೇಲೆ ಮೂರು ವರ್ಷ ತರಗತಿಯಿಂದ ತರಗತಿಗೆ ದಾಟಿಸಿ, ಹದಿನಾರನೆಯ ವಯಸ್ಸಿಗೆ ಕ್ಯಾಮೆರಾದ ಮುಂದೆ ಕೂರಿಸಿ, ಈಗ ನಿಜ ಹೇಳು ಎಂದೆವು. ಅವರು ನಿಜ ಹೇಳಿದರು.

ಕ್ಯಾಮೆರಾ ಇಟ್ಟದ್ದು ಸರಿ ಎಂದೇ ನನ್ನ ಅಭಿಪ್ರಾಯ. ನಕಲು ಮಾಡಿಸಿ ಪಾಸು ಮಾಡಿಸುವುದು ಬಡ ಮಗುವಿಗೆ ಮಾಡುವ ಉಪಕಾರವಲ್ಲ, ಅದರ ಅಂಕಪಟ್ಟಿಯನ್ನು ಬಾಡಿಗೆಗೆ ತೆಗೆದುಕೊಂಡ ಹಾಗೆ. ಕೃಪಾಂಕ ಕೊಟ್ಟದ್ದೂ ಸರಿ ಎಂದೇ ನನ್ನ ಅಭಿಪ್ರಾಯ; ರಾಜ್ಯ ಕಲಿಸದೆ ಬಿಟ್ಟದ್ದಕ್ಕೆ ಮಗು ದಂಡ ಕಟ್ಟಬಾರದು. ತಪ್ಪಿದ್ದು ಇನ್ನೊಂದು ಕಡೆ. ಕೃಪಾಂಕ ಸೇರಿಸಿದ ಸಂಖ್ಯೆಯನ್ನೇ ರಾಜ್ಯ ತನ್ನ ಫಲಿತಾಂಶ ಎಂದು ಕರೆದುಕೊಂಡಿತು. ಮಕ್ಕಳಿಗೆ ಕೊಟ್ಟ ಶೇ. 20ರ ಕೃಪಾಂಕದ ಕೊಡೆಯ ಕೆಳಗೆ ಇಲಾಖೆಯೂ ಬಂದು ನಿಂತಿತು. ಮಗುವಿನ ಅಂಕಪಟ್ಟಿಯಲ್ಲಿ ಕೃಪೆ ಇರಲಿ; ಇಲಾಖೆಯ ಅಂಕಪಟ್ಟಿಯಲ್ಲಿ ಕೃಪೆಯಿಲ್ಲದ ಸಂಖ್ಯೆಯೇ ದಪ್ಪ ಅಕ್ಷರದಲ್ಲಿ ಇರಬೇಕಿತ್ತು. ಆಗ ಪಾಠ ಒಪ್ಪಿಸಿದವರು, ಲೆಕ್ಕ ಒಪ್ಪಿಸಬೇಕಾದವರು ಬೇರೆಬೇರೆಯಾಗಿ ಕಾಣುತ್ತಿದ್ದರು. ನಡೆದದ್ದೇನೆಂದರೆ, ಮುಂದಿನ ವರ್ಷ ಕೃಪೆ ನಿಂತದ್ದು ಮಕ್ಕಳಿಗೆ. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12, ಕಲಬುರಗಿ ಶೇ. 42.43.

ಆ ವರ್ಷದ ಅಕ್ಟೋಬರಿನಲ್ಲಿ ಸರ್ಕಾರ ಪಾಸಾಗುವ ಗೆರೆಯನ್ನೇ ಇಳಿಸಿತು: 625ಕ್ಕೆ 206 ಅಂಕ, ಅಂದರೆ ಶೇ. 33, ಪ್ರತಿ ವಿಷಯದಲ್ಲಿ ಕನಿಷ್ಠ 30. ಇದರಿಂದ ಸಾವಿರಾರು ಮಕ್ಕಳು ಪಿಯುಸಿಗೆ, ಐಟಿಐಗೆ ಹೋಗಲು ದಾರಿಯಾಗುತ್ತದೆ ಎನ್ನುವುದು ನಿಜ, ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ರಾಜ್ಯದ ಶೇಕಡಾವಾರು ಏರಿದರೆ ಅದನ್ನು ಯಾರ ಸಾಧನೆ ಎಂದು ಓದುತ್ತೇವೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಅದೇ ಅಕ್ಟೋಬರಿನಲ್ಲಿ ಇನ್ನೊಂದೂ ನಡೆಯಿತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿಯಲಿಲ್ಲವೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು 18ರವರೆಗೆ ವಿಸ್ತರಿಸಿದರು. ಮೇಷ್ಟ್ರುಗಳು ಮನೆಮನೆ ಸುತ್ತಬೇಕಿತ್ತು. ಖಾಸಗಿ ಶಾಲೆಗಳು ತಮ್ಮ ಪಾಡಿಗೆ ತೆರೆದವು. ಆ ಬೆಳಿಗ್ಗೆಗಳಲ್ಲಿ ನಮ್ಮ ರಸ್ತೆಯಲ್ಲಿ ಶಾಲೆಯ ವ್ಯಾನುಗಳು ಎಂದಿನಂತೆ ಹಾರ್ನ್ ಮಾಡಿಕೊಂಡು ಬಂದು ಹೋಗುತ್ತಿದ್ದವು. ಇಸ್ತ್ರಿ ಗಾಡಿಯ ಪಕ್ಕದಲ್ಲಿ, ಈಗ ಏಳನೆಯ ತರಗತಿಯಲ್ಲಿರುವ ಹುಡುಗಿ ಅಪ್ಪನಿಗೆ ಬಟ್ಟೆ ಮಡಿಸಿಕೊಡುತ್ತಿದ್ದಳು. ಸಮೀಕ್ಷೆ ಬೇಕಾದದ್ದೇ, ಅದನ್ನು ಯಾರಾದರೂ ಮಾಡಬೇಕಾದದ್ದೇ. ಆದರೆ ಮುಂದೆ ಫಲಿತಾಂಶ ಪ್ರಕಟಿಸುವಾಗ ಜಿಲ್ಲೆಯ ಹೆಸರು, ಶೇಕಡಾವಾರು, ಸ್ಥಾನ ಎಂಬ ಮೂರು ಅಂಕಣಗಳ ಪಕ್ಕದಲ್ಲಿ ಇನ್ನೆರಡನ್ನು ಸೇರಿಸಲು ಕಾಗದದಲ್ಲಿ ಜಾಗವಿದೆ: ಆ ಜಿಲ್ಲೆಯಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಶಿಕ್ಷಕರ ಹುದ್ದೆ ಎಷ್ಟು ಖಾಲಿ ಇದ್ದವು, ಇದ್ದ ಶಿಕ್ಷಕರು ಎಷ್ಟು ದಿನ ತರಗತಿಯ ಹೊರಗೆ ಬೇರೆ ಕೆಲಸದಲ್ಲಿದ್ದರು. ಈ ಎರಡೂ ಅಂಕಿಗಳು ಇಲಾಖೆಯ ಕಡತಗಳಲ್ಲೇ ಇವೆ. ಅವನ್ನು ಪಡೆಯಲು ಯಾವ ಮಗುವನ್ನೂ ಕೂರಿಸಿ ಪರೀಕ್ಷೆ ಬರೆಸಬೇಕಾಗಿಲ್ಲ.